ಚಿನ್ನದ ಅಂಚಿನ ಪುಸ್ತಕ

ಸ್ಮೊಲ್ಯಾನ್, ೧೪ ಜೂನ್ ೨೦೨೧

ರಾಸಿಮ್ ಅಣ್ಣನಿಗೆ,

ಸಲಾಂ. ಸಲಾಂ ಹೇಳುವುದು ಧರ್ಮ, ಅದಕ್ಕೆ ಹೇಳಿದೆ. ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನ ಗಂಟಲು ಕ್ಷೇಮವಾಗಿದೆಯೆಂದು ಶನಿವಾರ ಇಡೀ ಕೇರಿಗೇ ಗೊತ್ತಾಗಿದೆ.

ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತಬೇಡ! ಕಾಗದದ ಬಾಯಿ ಮುಚ್ಚಿಸಲು ಕೆಂಪು ಗುಂಡಿಯಿಲ್ಲ. ನಿನ್ನ ಅಂಗೈಯಲ್ಲೇ ಇಟ್ಟು ಬರಬೇಕೆಂದು ಬಸ್ಸಿನ ಡ್ರೈವರನಿಂದ ಆಣೆ ಮಾಡಿಸಿಕೊಂಡಿದ್ದೇನೆ.

ನನ್ನ ಮೊಮ್ಮಗಳು ನೆಫಿಯೆ ನಿನ್ನ ಹತ್ತಿರ ಏನು ಕೇಳಲು ಬಂದಿದ್ದಳು? ಹೊಲವನ್ನೇ? ಮನೆಯಲ್ಲಿ ಪಾಲನ್ನೇ? ಒಂದು ಸಹಿ! ಸೋಫಿಯಾದಲ್ಲಿ ಇಸ್ಲಾಮಿನ ಉನ್ನತ ವಿದ್ಯೆ ಓದಲು ಅರ್ಜಿ ಹಾಕಬೇಕು. ಅದಕ್ಕೆ ಊರಿನ ಮಸೀದಿ ಸಮಿತಿಯ ಅಧ್ಯಕ್ಷನಾದ ನಿನ್ನ ಸಹಿ ಬೇಕು. ಬರುವ ಶುಕ್ರವಾರ ಕೊನೆಯ ದಿನ. ಮಗು ಅನ್ನ ತುಂಬಿದ ಕ್ಲಿನ್ ರೊಟ್ಟಿ ಮಾಡಿಕೊಂಡು ಬೆಟ್ಟ ಹತ್ತಿ ಬಂದಳು, ನಿನ್ನ ಕೈಗೆ ಮುತ್ತಿಟ್ಟಳು. ನೀನೋ, ಗೋಡೆಯ ಮೇಲಿನ ಚೀಲ ಇಳಿಸಿ, ಯಾರಿಗೂ ಮುಟ್ಟಗೊಡದ ಆ ಪುಸ್ತಕ ಬಿಚ್ಚಿ, "ಇದನ್ನ ಓದು ನೋಡೋಣ, ಆಮೇಲೆ ಸೋಫಿಯಾ" ಅಂದೆ.

ಓದಿದಳು! ಅದೇ ಅವಳ ಅಪರಾಧ.

"ತಾತ, ಇದು ಕುರಾನ್ ಅಲ್ಲ. ಅಕ್ಷರ ಅರಬ್ಬಿ, ಮಾತು ಹಳೇ ತುರ್ಕಿ. ಕುದುರೆ ಗೊರಸು ಬಿರಿದ್ರೆ ಕುರಿ ಕೊಬ್ಬು ಹಚ್ಚಿ ಅಂತ ಬರ್ದಿದೆ" ಅಂದಳಂತೆ.

"ಇನ್ನೂ ಮೊಟ್ಟೆಯಿಂದ ಈಚೆ ಬಂದಿಲ್ಲ, ಹುಂಜಕ್ಕೆ ಕೂಗೋದು ಕಲಿಸ್ತೀಯೇನೇ? ನಮಗೆ ನಮಾಜಿನ ಫಾತಿಹಾ ಬಂದ್ರೆ ಸಾಕು. ಕಲಿಯೋದಿದ್ರೆ ಹೋಗಿ ಹೊಲಿಗೆ ಕಲಿ!" ಎಂದು ನೀನು ಆರ್ಭಟಿಸಿದೆಯಂತೆ.

ಸಾಕೇ? ಸಾಕೇ, ಅಣ್ಣಾ? ನಾನು ಮದುವೆಯ ದಿನ, ಕುರಾನೆಂದು ಕದ್ದುಮುಚ್ಚಿ ತಲೆಯ ಮೇಲೆ ಹಿಡಿದ ಆ ಪುಸ್ತಕದ ಕೆಳಗೆ ತಲೆಬಾಗಿ ಹೊಸ್ತಿಲು ದಾಟಿದವಳು. ಕುದುರೆಯ ಹೊಟ್ಟೆನೋವಿನ ಮದ್ದು ತಲೆಯ ಮೇಲೆ ಹೊತ್ತು ಗಂಡನ ಮನೆ ಸೇರಿದೆ! ನನ್ನ ಗಂಡನ ಸ್ವಭಾವ ನೋಡಿದರೆ ಅದೇ ಸರಿಯಾಗಿತ್ತೇನೋ. ಆದರೆ ಅಪ್ಪ? ಪ್ರಾಣ ಹೋಗುವಾಗ ಅಪ್ಪನ ತಲೆದೆಸೆಯಲ್ಲಿ ನೀನು ಇಟ್ಟದ್ದೂ ಅದನ್ನೇ. ಇದಕ್ಕೆ ನಾನು ನಗಲೇ, ಎದೆ ಬಡಿದುಕೊಳ್ಳಲೇ?

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಕಮ್ಯುನಿಸ್ಟ್ ಸರ್ಕಾರದ ಸೈನಿಕರು ಬಂದು ನಮ್ಮ ಮುಸ್ಲಿಂ ಹೆಸರು ಕಿತ್ತುಕೊಂಡು ನನ್ನನ್ನು ಹ್ರಿಸ್ತಿನಾ, ನಿನ್ನನ್ನು ರುಮೆನ್ ಮಾಡಿದರು. ಅವತ್ತು ಮನೆಯಲ್ಲಿ ಅಜ್ಜನ ಎರಡು ಪುಸ್ತಕಗಳಿದ್ದವು. ಒಂದು ಒಲೆಗೆ ಹೋಯಿತು, ಒಂದು ಹಿಟ್ಟಿನ ಪೆಟ್ಟಿಗೆಯ ತಳ ಸೇರಿತು. ಕಾಲ ತಿಳಿಯಾದ ಮೇಲೆ ಅದನ್ನು ಗೋಡೆಗೆ ತೂಗುಹಾಕಿದವನು ನೀನು. "ಕುರಾನ್ ಕಾಪಾಡಿದ ರಾಸಿಮ್" ಎಂದು ಊರು ನಿನ್ನನ್ನು ಹೆಗಲ ಮೇಲೆ ಹೊತ್ತಿತು. ಇವತ್ತಿನವರೆಗೂ ನೀನು ಕೆಳಗಿಳಿದಿಲ್ಲ.

ಅವರು ನಮ್ಮಿಂದ ಹೆಸರು ಕಸಿದುಕೊಂಡರು, ಮತ್ತೆ ಪಡೆದೆವು. ಓದು ಕಸಿದುಕೊಂಡರು. ಅದನ್ನು ಮರಳಿ ಪಡೆಯಲು ಹೊರಟವಳನ್ನು ಬಾಗಿಲಲ್ಲಿ ಅಡ್ಡಗಟ್ಟಿದವನು ಸೈನಿಕನಲ್ಲ. ನನ್ನ ಒಡಹುಟ್ಟಿದವನು!

ಹೋದ ವರ್ಷ ಹೊರದೇಶದಿಂದ ಸೂಟ್‌ಕೇಸ್ ಹಿಡಿದು ಬಂದ ಆ ಬೋಧಕ ನೆನಪಿದ್ದಾನೆಯೇ? ಪ್ರವಾದಿಯ ಹುಟ್ಟಿನ ಬಗ್ಗೆ ನಮ್ಮ ಅಮ್ಮ ಹಾಡುತ್ತಿದ್ದ ಮೌಲೂದ್ ಪಾಪ, ಸತ್ತವರ ಹೆಸರಲ್ಲಿ ಹಲ್ವಾ ಹಂಚುವುದು ಪಾಪ ಎಂದ. ಸಮಿತಿಯ ಒಂಬತ್ತು ಮೀಸೆಗಳೂ ತಲೆದೂಗಿದವು. ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ್ದಕ್ಕೆ ನೀನು, "ಏನಂತ ಬಿಡ್ಲಿ, ಹೈರಿಯೆ? ಅವ್ನು ಓದಿದೋನು" ಅಂದೆ.

ಅದೇ ಮಾತು! ಅವನು ಓದಿದವನು. ಈ ಬೆಟ್ಟದಲ್ಲಿ ಹುಟ್ಟಿ, ನಮ್ಮ ಮಾತಾಡಿ, ನಮ್ಮ ಶಾಲೆಯಲ್ಲಿ ಕಲಿತು, "ಸ್ವಾಮಿ, ಪುಸ್ತಕ ನಾನೂ ಓದಿದ್ದೇನೆ, ಕೂತು ಮಾತಾಡೋಣ" ಎನ್ನುವವರು ನಮ್ಮಲ್ಲಿ ಒಬ್ಬರಾದರೂ ಇದ್ದಾರೆಯೇ? ಅವನು ಹೇಳಿದ್ದು ಸರಿಯೇ ಇರಬಹುದು, ತಪ್ಪೇ ಇರಬಹುದು. ಅದನ್ನು ತೂಗಿ ನೋಡಲು ನಮ್ಮ ಕೈಯಲ್ಲಿ ತಕ್ಕಡಿಯೇ ಇಲ್ಲವಲ್ಲ! ನನ್ನ ಸೊಸೆ ಉಪವಾಸದಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳಬಹುದೇ ಎಂದು ಫೋನಿನಲ್ಲಿ ಹುಡುಕುತ್ತಾಳೆ. ಹತ್ತು ಜನ ಹತ್ತು ಬಗೆ ಹೇಳುತ್ತಾರೆ. ಒಂಬತ್ತು ಮೀಸೆಗಳಿಗೂ ಗೊತ್ತಿಲ್ಲ.

ಅರ್ಜಿ ಇದರೊಳಗೇ ಇದೆ. ಡ್ರೈವರ್ ಸಂಜೆ ಐದಕ್ಕೆ ವಾಪಸ್ ಹೊರಡುತ್ತಾನೆ. ಸಹಿ ಹಾಕದಿದ್ದರೆ ಶುಕ್ರವಾರ ನಮಾಜು ಮುಗಿಯುವ ಹೊತ್ತಿಗೆ ನಾನೇ ಬೆಟ್ಟ ಹತ್ತಿ ಬರುತ್ತೇನೆ. ಮಸೀದಿಯ ಅಂಗಳದಲ್ಲಿ ನಿಂತು ಆ ಗೊರಸಿನ ಪುಟವನ್ನು ನೆಫಿಯೆಯಿಂದಲೇ ಓದಿಸುತ್ತೇನೆ. ನನ್ನ ಗಂಟಲೂ ಕ್ಷೇಮವಾಗಿದೆ.

ನಿನ್ನ ಬೆನ್ನಲ್ಲಿ ಬಿದ್ದ ತಂಗಿ,
ಹೈರಿಯೆ

ತಾ.ಕ.: ಅಂಗಳದಲ್ಲಿ ನಿಂತರೆ ನಾನು ಇದನ್ನೂ ಹೇಳಬೇಕಾಗುತ್ತದೆ. ಪುಸ್ತಕ ಬಚ್ಚಿಟ್ಟವಳು ಅಮ್ಮ ಎಂದು ನೀನು ತಿಳಿದಿದ್ದೀಯ. ಸೈನಿಕರು ಬಂದ ದಿನ ನೀನು ಆಡು ಮೇಯಿಸಲು ಹೋಗಿದ್ದೆ. ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಕುರಾನ್ ಬಚ್ಚಿಡೇ, ಇನ್ನೊಂದನ್ನ ಸುಡು" ಅಂದಳು. ನನಗೆ ಹನ್ನೆರಡು ವರ್ಷ. ಎರಡರಲ್ಲೂ ಒಂದೇ ಥರದ ಅಕ್ಷರ. ದೇವರ ಪುಸ್ತಕ ಚಂದ ಇರುತ್ತದೆ ಎಂದುಕೊಂಡು ಚಿನ್ನದ ಅಂಚಿನದನ್ನು ಹಿಟ್ಟಿನಲ್ಲಿ ಹೂತೆ. ಒಲೆಗೆ ಹೋದದ್ದು ಯಾವುದೆಂದು ನೆಫಿಯೆ ಶನಿವಾರ ಅಳುತ್ತ ಬಂದು ಹೇಳಿದಾಗಲೇ ನನಗೆ ತಿಳಿದದ್ದು. ಅದೇ ಉರಿಯಲ್ಲಿ ಅಮ್ಮ ಆಲೂಗಡ್ಡೆ ಬೇಯಿಸಿದಳು. ನೀನು ಬಂದೆ. ಮೂವರೂ ಬಿಸ್ಮಿಲ್ಲಾ ಹೇಳಿ ತಿಂದೆವು.

ಸಹಿ ಹಾಕು, ಅಣ್ಣ.