ಸಾಕು ಎನ್ನಲು ಕಲಿತ ಮೇಲೆ

೨೩೧೭, ಎರಡನೇ ಶ್ರಾವಣದ ಮೂವತ್ತೆಂಟನೇ ದಿನ
ಚಿತ್ರದುರ್ಗ

ಯಾರನ್ನಾದರೂ ಮಾತನಾಡಿಸುವ ಮೊದಲು ಗಂಟಲು ಒಣಗುವ, ಹಿಂದಿನ ಕಾಲದ ನನ್ನ ಬಂಧುಗಳಿಗೆ,

ವಾರಿಜಳ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ತಿಂಗಳುಗಳು ಉದ್ದವಾಗಿವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನನಗೆ ನಲವತ್ತು ದಾಟಿದೆ, ಆದರೆ ಸ್ವಂತ ಮಾತು ಜೋಡಿಸಲು ಕಲಿತದ್ದು ಈಚೆಗೆ.

ಹಲ್ಲು ಮೂಡುತ್ತಿದ್ದಂತೆ ನಮ್ಮ ಕತ್ತಿಗೆ ನುಡಿಮಣಿ ಕಟ್ಟುತ್ತಾರೆ. ಕಡಲೆ ಗಾತ್ರದ್ದು. ನಾವು ಬಾಯಿ ತೆರೆಯುವ ಮುಂಚೆಯೇ ಅದು ನಮ್ಮ ಪರವಾಗಿ ಬೆಣ್ಣೆ ಸವರಿದ ಹಾಗೆ ಮಾತನಾಡಿಬಿಡುತ್ತದೆ. ತೊದಲುವುದಿಲ್ಲ, ಸಿಡುಕುವುದಿಲ್ಲ, ಯಾರಿಗೂ ಇಲ್ಲ ಎನ್ನುವುದಿಲ್ಲ. ಸಂಕೋಚದವರಿಗೆಂದೇ ಮಾಡಿದ್ದಂತೆ. ನಮ್ಮ ಬಾಯಿ ಇರುವುದು ಊಟಕ್ಕೆ, ಮತ್ತೆ ಒಬ್ಬರೇ ಇದ್ದಾಗ ಗೊಣಗುವುದಕ್ಕೆ. ಮಾತು ಕತ್ತಿನಿಂದ ಬರುವುದರಿಂದ ನಾವು ಒಬ್ಬರನ್ನೊಬ್ಬರು ಕತ್ತು ನೋಡಿಯೇ ಮಾತನಾಡಿಸುತ್ತೇವೆ. ನಾನು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವವಳು. ಜೊತೆಯವರ ಕುತ್ತಿಗೆಯ ಮಚ್ಚೆಗಳೆಲ್ಲ ಗೊತ್ತು, ಅವರು ನಕ್ಕರೆ ಹೇಗೆ ಕಾಣುತ್ತಾರೋ ಗೊತ್ತಿಲ್ಲ.

ಹೋದ ವರ್ಷ ತಿಪಟೂರಿನ ನೀಲಕ್ಕನ, ಅಂದರೆ ನನ್ನ ಒಡಹುಟ್ಟಿದ ಅಕ್ಕನ ಮಣಿ, ಬಾಯುಪಚಾರಕ್ಕೆಂದು 'ನಮ್ಮ ಮನೆಗೇ ಬಂದು ಇದ್ದುಬಿಡು' ಎಂದಿತು. ನನ್ನ ಮಣಿ ಅಷ್ಟೇ ಉಪಚಾರದಿಂದ 'ಖಂಡಿತ' ಎಂದಿತು. ಎರಡೂ ಸೇರಿ ದಿನವನ್ನೂ ಗೊತ್ತುಮಾಡಿದವು. ನನಗೋ ಈ ಗುಡ್ಡ ಬಿಟ್ಟು ಬದುಕೇ ಇಲ್ಲ. ಬೇಡವೆನ್ನಲು ಹೊರಟಾಗಲೆಲ್ಲ ಮಣಿ ಅದನ್ನು ತಿದ್ದಿ 'ಎಷ್ಟು ಸಂತೋಷ ಅಕ್ಕ' ಎನ್ನುತ್ತಿತ್ತು. ಯಂತ್ರಗಳಿಗೆ ಬೇರೆಯವರನ್ನು ಹುಡುಕುವುದೂ ಶುರುವಾಯಿತು. ದಿಕ್ಕು ತೋಚದೆ ಮಣಿ ಕಳಚಿ ಬಾಯಿಮನೆಗೆ ಹೋದೆ.

ಮಣಿ ಕಳಚಿದವರು ಮಾತು ಕಲಿಯುವ ಜಾಗ ಬಾಯಿಮನೆ. ಅಲ್ಲಿ ಮೊದಲ ಪಾಠವೇ ಊಟ. ಎಲೆಯ ಮುಂದೆ ಕೂರಿಸಿ ಗುರುಗಳು ಹೋಳಿಗೆ ಬಡಿಸುತ್ತಲೇ ಹೋಗುತ್ತಾರೆ. ಅವರ ಮುಖ ನೋಡಿ 'ಸಾಕು' ಎನ್ನುವವರೆಗೆ ನಿಲ್ಲಿಸುವುದಿಲ್ಲ. ಮೊದಲ ದಿನ ನಾನು ಹೊಟ್ಟೆ ಬಿರಿಯುವಷ್ಟು ತಿಂದು, ಅಳುತ್ತಾ ಮನೆಗೆ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎಲೆಯನ್ನೇ ಎತ್ತಿಕೊಂಡು ಓಡಿಹೋದಳು. ಹೀಗೇ ಕೆಲವು ದಿನ ಕಳೆದ ಮೇಲೆ ನನ್ನ ಬಾಯಿಂದ 'ಸಾಕು ಗುರುಗಳೇ' ಎಂದು ಒರಟಾಗಿ ಹೊರಟೇಬಿಟ್ಟಿತು. ನಾನು ಕಣ್ಣು ಮುಚ್ಚಿಕೊಂಡೆ. ಅವರು ಹೋಳಿಗೆ ತಟ್ಟೆ ಕೆಳಗಿಟ್ಟು ತುಪ್ಪದ ಕೈ ಒರೆಸಿಕೊಂಡರು, ಅಷ್ಟೇ.

ಮರುದಿನವೇ ತಿಪಟೂರಿಗೆ ಹೋದೆ. ಬಾಗಿಲಲ್ಲಿ ನಿಂತು ಅಭ್ಯಾಸಬಲದಿಂದ ಅಕ್ಕನ ಕತ್ತು ನೋಡಿದೆ, ಆಮೇಲೆ ನೆನಪಾಗಿ ತಲೆ ಎತ್ತಿದೆ.

"ಅಕ್ಕ, ನಾನ್ ಬರಲ್ಲ. ನಿನ್ ಮನೇಲಿರೋಕೆ ನಂಗಿಷ್ಟ ಇಲ್ಲ."

ಅವಳ ಮಣಿ 'ಪರವಾಗಿಲ್ಲಮ್ಮ, ನಿನ್ನ ಸಂತೋಷವೇ' ಎಂದು ರಾಗ ತೆಗೆಯಿತು. ಅಕ್ಕ ಅದನ್ನು ಕಿತ್ತು ಅಕ್ಕಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಅವಳ ನಿಜವಾದ ದನಿ ಕೇಳಿದ್ದು ಅದೇ ಮೊದಲು. ಒಡಕಲು, ಜೋರು.

"ಅಯ್ಯೋ ಪುಣ್ಯಾತ್ಗಿತ್ತಿ, ಮೊದ್ಲೇ ಹೇಳ್ಬಾರ್ದಿತ್ತೇನೇ! ಬಂದ್ಬಿಡ್ತೀಯಲ್ಲಾ ಅಂತ ನಂಗೆ ಅನ್ನಾನೇ ಸೇರ್ತಿರ್ಲಿಲ್ಲ!"

ಹೋದ ಜೀವ ಬಂದಂತಾಯಿತು. ಇಬ್ಬರೂ ಹೊಸ್ತಿಲಲ್ಲೇ ಕುಸಿದು ಕುಳಿತು ನಕ್ಕೆವು. ಸಂಜೆ, ಧೈರ್ಯ ಹೆಚ್ಚಾಗಿ, ಇವತ್ತೊಂದು ರಾತ್ರಿ ಇರಲೇ ಎಂದೆ.

"ಬ್ಯಾಡ ಕಣೇ, ಬೆಳಿಗ್ಗೆ ಕೆಲ್ಸ ಐತೆ. ಭಾನ್ವಾರ ಬಾ."

ಬೇಡ ಎಂದ ಬಾಯಿಯೇ ಬಾ ಎಂದಿತ್ತು. ಹುಟ್ಟಿದಾಗಿನಿಂದ ನಾನು ನಂಬಬಹುದಾದ ಮೊದಲ ಕರೆ ಅದು.

ನಿಮ್ಮ ಕಾಲದಲ್ಲಿ ನುಡಿಮಣಿ ಇನ್ನೂ ಹುಟ್ಟಿಲ್ಲ. ಆದರೆ ನಿಮ್ಮ ಮಾತನ್ನು ತಿದ್ದಿ ನಯಮಾಡಿ ಕೊಡುತ್ತೇವೆಂದು ಯಾರಾದರೂ ಬಂದೇ ಬರುತ್ತಾರೆ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ: ದನಿ ನಡುಗಿದರೂ ನಡುಗಲಿ, ನಿಮ್ಮ ಮಾತು ನೀವೇ ಆಡಿ. ಎದುರಿಗಿರುವವರೂ ನಿಮ್ಮಷ್ಟೇ ಹೆದರಿ ಕಾಯುತ್ತಿರಬಹುದು.

ಇಂದು ಭಾನುವಾರ. ಅಕ್ಕ ಕರೆದಿದ್ದಾಳೆ, ಹೊರಡುತ್ತೇನೆ.