ಕನ್ಯೆ ನೋಡಲು ಬಂದಂತೆ ಬಂದುಹೋದ ಸಾಲದ ಸಂಸ್ಥೆಯವರಿಗೆ

ಮಾನ್ಯರೇ,

ಬಡ ದೇಶಗಳ ಅಭಿವೃದ್ಧಿಗೆಂದು ಸಾಲ ಕೊಡುವ ನಿಮ್ಮ ಸಂಸ್ಥೆಯ ಪ್ರಶ್ನಾವಳಿ ಕಳೆದ ವಾರ ನನಗೆ ತಲುಪಿತು. ‘ಸಾಲ ಪಡೆದ ದೇಶಗಳ ಜನ ನಮ್ಮನ್ನು ಹೇಗೆ ಕಾಣುತ್ತಾರೆ?’ ಎಂದು ಕೇಳಿದ್ದೀರಿ. ಉತ್ತಮ, ಸಾಧಾರಣ, ಕಳಪೆ ಎಂದು ಮೂರು ಚೌಕ ಕೊಟ್ಟು ಒಂದಕ್ಕೆ ಗುರುತು ಹಾಕಲು ಹೇಳಿದ್ದೀರಿ. ನನ್ನ ತಂಗಿ ಬಸವಣ್ಣೆವ್ವ ಸತ್ತದ್ದನ್ನು ಯಾವ ಚೌಕದಲ್ಲಿ ಬರೆಯಲಿ? ನಿಮ್ಮ ಚೌಕ ಚಿಕ್ಕದಾಯಿತು, ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಕೇಳಿದ್ದಕ್ಕೆ ಉತ್ತರ ಮೊದಲು ಹೇಳುತ್ತೇನೆ. ನಾವು ನಿಮ್ಮನ್ನು ಕಾಣುವುದು ಕನ್ಯೆ ನೋಡಲು ಬರುವ ಬೀಗರಂತೆ. ನಮ್ಮಲ್ಲಿ ವರನ ಕಡೆಯವರು ಬರುತ್ತಾರೆಂದರೆ ಬಾಜೂ ಮನೆಯಿಂದ ಕುರ್ಚಿ ಬರುತ್ತದೆ, ಎದುರು ಮನೆಯಿಂದ ಗೋಡೆ ಗಡಿಯಾರ ಬರುತ್ತದೆ, ಹುಡುಗಿಯ ಕೊರಳಿಗೆ ಚಿಕ್ಕಮ್ಮನ ಸರ ಬೀಳುತ್ತದೆ. ಇಡೀ ಓಣಿಗೆ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಒಂದು ಹೆಣ್ಣಿನ ಬಾಳು ನೆಟ್ಟಗಾಗಲಿ ಎಂಬ ಆಸೆ, ಅಷ್ಟೆ.

೧೯೭೯ರಲ್ಲಿ ಖಾನಾಪುರದಿಂದ ಎಂಟು ಮೈಲಿ ಒಳಗಿರುವ ನಮ್ಮೂರಿನಲ್ಲಿ ನಿಮ್ಮ ಹಣದಿಂದ ಹೆರಿಗೆ ಕೇಂದ್ರ ಎದ್ದಿತು. ಗೋಡೆ ಇತ್ತು, ಹಂಚು ಇತ್ತು, ಬಾಗಿಲಿಗೆ ಬೀಗವೂ ಇತ್ತು. ನರ್ಸ್ ಗುರುವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ನೀವು ನೋಡಲು ಬರುವ ಸುದ್ದಿ ತಿಳಿದದ್ದೇ ತಾಲೂಕಿನ ಸಾಹೇಬರು ಊರ ಶಾಲೆಯ ಮಾಸ್ತರನಾದ ನನ್ನ ಹೆಗಲ ಮೇಲೆ ಕೈ ಇಟ್ಟರು. “ಮಾಸ್ತರ, ಪರದೇಶದ ಮಂದಿ ಬರಾಕತ್ತಾರ. ಊರಿನ ಮರ್ಯಾದಿ ನಿಮ್ಮ ಕೈಯಾಗೈತಿ ನೋಡ್ರಿ.”

ಊರವರ ಮನೆಗಳಿಂದ ನಾಲ್ಕು ಮಂಚ ಬಂದವು. ಔಷಧದ ಸೀಸೆಗಳು, ಕೂಸು ತೂಗುವ ತಕ್ಕಡಿ, ಕೊನೆಗೆ ನರ್ಸ್ ಕೂಡ ಒಂದು ದಿನದ ಮಟ್ಟಿಗೆ ಬೆಳಗಾವಿಯಿಂದ ಜೀಪಿನಲ್ಲಿ ಬಂದರು. ಬಾಣಂತಿ ಮಾತ್ರ ಸಿಗಲಿಲ್ಲ. ಸೂಲಗಿತ್ತಿ ಅನ್ವರಿಯ ಮಗಳು ತನ್ನ ಎರಡು ತಿಂಗಳ ಕೂಸನ್ನು ಕೊಟ್ಟಳು, ತಾನು ಪರಪುರುಷರೆದುರು ಮಲಗಲು ಒಪ್ಪಲಿಲ್ಲ. ಆಗ ನನಗೆ ಹೊಳೆದವಳು ಊರಲ್ಲೇ ಕೊಟ್ಟಿದ್ದ ನನ್ನ ತಂಗಿ. ಮದುವೆಯಾಗಿ ಎಂಟು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಅವಳ ತಲೆಗೆ ಅರಿವೆ ಕಟ್ಟಿ, ಕಡ ತಂದ ಕೂಸನ್ನು ಬಗಲಲ್ಲಿ ಮಲಗಿಸಿ, ನಿನ್ನೆ ಹೆತ್ತ ಬಾಣಂತಿ ಮಾಡಿದೆ.

ನಿಮ್ಮವರು ಹದಿನೈದು ನಿಮಿಷ ಇದ್ದರು. ನಿಮ್ಮ ಮೇಡಂ ಒಬ್ಬರು ಬಾಗಿ, ಜೊತೆಗೆ ಬಂದ ದುಭಾಷಿಯ ಮೂಲಕ ಕೇಳಿದರು, ಇಲ್ಲಿ ಏನಾದರೂ ಕೊರತೆ ಇದೆಯೇ ಎಂದು. ತಂಗಿ ನನ್ನ ಮುಖ ನೋಡಿದಳು. ನಾನು ಇಲ್ಲವೆಂದು ಕತ್ತು ಅಲ್ಲಾಡಿಸಿದೆ.

“ಏನೂ ಕಮ್ಮಿ ಇಲ್ರಿ. ಎಲ್ಲಾ ಛಲೋ ಐತ್ರಿ,” ಎಂದಳು.

ನೀವು ಹೋದ ಮೇಲೆ ಮಂಚ, ತಕ್ಕಡಿ, ನರ್ಸ್ ಎಲ್ಲ ಬಂದ ದಾರಿ ಹಿಡಿದರು. ಕೂಸನ್ನು ಕೊಡಲು ಮಾತ್ರ ತಂಗಿ ತಡ ಮಾಡಿದಳು. “ಇನ್ನೊಂದೀಟ ಇರಲಿ ತಡಿ ಅಣ್ಣಾ, ಮಲಗೇತಿ,” ಎಂದಳು.

ಹುಡುಗಿಯನ್ನು ಮೆಚ್ಚಿದ ಬೀಗರು ಮದುವೆ ಮಾಡಿಕೊಳ್ಳುತ್ತಾರೆ. ನೀವು ಮೆಚ್ಚಿ ಎದ್ದು ಹೋದಿರಿ! ಇಲ್ಲಿ ಎಲ್ಲವೂ ಪೂರ್ಣವಾಗಿದೆ ಎಂದು ನೀವು ಬರೆದದ್ದರಿಂದ, ನಮಗೆ ಬರಬೇಕಿದ್ದ ಕಾಯಂ ನರ್ಸ್ ಮತ್ತು ವಾಹನ ಬೇರೆ ತಾಲೂಕಿಗೆ ಹೋದವು. ನಿಮ್ಮ ವರದಿಯನ್ನು ಖಾನಾಪುರದ ಕಚೇರಿಯಲ್ಲಿ ನಾನೇ ಓದಿದೆ. ‘ಬಾಣಂತಿಯೊಬ್ಬಳು ಪೂರ್ಣ ತೃಪ್ತಿ ವ್ಯಕ್ತಪಡಿಸಿದಳು’ ಎಂದಿತ್ತು.

ಎರಡು ವರ್ಷದ ಮೇಲೆ ದೇವರು ಕಣ್ಣು ತೆರೆದ. ೧೯೮೧ರ ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ತಂಗಿಗೆ ಹೆರಿಗೆ ಬೇನೆ ಶುರುವಾಯಿತು. ಅನ್ವರಿ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದಳು. “ಮಾಸ್ತರ, ಕೂಸು ಅಡ್ಡ ಐತ್ರಿ. ನನ್ನ ಕೈಲೆ ಆಗೂದಲ್ಲ. ಲಗೂನ ದವಾಖಾನಿಗೆ ಒಯ್ರಿ.” ನಿಮ್ಮ ಕೇಂದ್ರ ನೂರು ಹೆಜ್ಜೆಯ ಮೇಲಿತ್ತು, ಬೀಗ ಹಾಕಿತ್ತು. ಮಳೆಯಲ್ಲಿ ಚಕ್ಕಡಿ ಕಟ್ಟಿ ಖಾನಾಪುರಕ್ಕೆ ಹೊರಟೆವು. ಕೇಂದ್ರದ ಮುಂದೆ ಹಾಯುವಾಗ ತಂಗಿ ಆ ಬೀಗವನ್ನು ನೋಡಿದಳು. “ಅಣ್ಣಾ, ಅವತ್ತ ಕಮ್ಮಿ ಐತಿ ಅನ್ನಬೇಕಿತ್ತೇನೋ,” ಎಂದಳು. ಬೈಯಲಿಲ್ಲ, ಕೇಳಿದಳಷ್ಟೆ. ಖಾನಾಪುರದಿಂದ ಬಾಡಿಗೆ ಟೆಂಪೋದಲ್ಲಿ ಬೆಳಗಾವಿಗೆ ಒಯ್ಯುವಾಗ, ದೇಸೂರು ದಾಟುವಷ್ಟರಲ್ಲಿ, ತಾಯಿ ಕೂಸು ಎರಡೂ ಹೋದವು.

ಸುಳ್ಳು ನನ್ನದು, ಒಪ್ಪುತ್ತೇನೆ. ಆದರೆ ಎರಡು ತಿಂಗಳ ಕೂಸನ್ನು ನಿನ್ನೆ ಹುಟ್ಟಿದ್ದು ಎಂದಾಗ ನಂಬಿದಿರಲ್ಲ, ನಿಮ್ಮಲ್ಲಿ ಮಕ್ಕಳನ್ನು ಹೆತ್ತವರು ಯಾರೂ ಇರಲಿಲ್ಲವೇ? ಒಳಗೆ ಖಾಲಿಯಿದ್ದ ಒಂದು ಕಪಾಟಿನ ಬಾಗಿಲು ತೆಗೆಯಲು ನಿಮಗೆ ಬಿಡುವಾಗಲಿಲ್ಲವೇ? ಅಥವಾ ‘ಎಲ್ಲಾ ಛಲೋ ಐತಿ’ ಎಂಬ ಮಾತು ನಮಗಿಂತ ನಿಮಗೇ ಹೆಚ್ಚು ಬೇಕಾಗಿತ್ತೇ?

ಇನ್ನು ಮುಂದೆ ಬೀಗರಾಗಿ ಬರಬೇಡಿ. ತವರಿನವರಂತೆ ಬನ್ನಿ. ಅವರು ಹೇಳದೆ ಕೇಳದೆ ಬಂದು, ನೇರ ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾರೆ. ಮಗಳು ಛಲೋ ಅದೀನಿ ಎಂದರೆ ನಂಬುವುದಿಲ್ಲ. ನಮ್ಮ ಕೇಂದ್ರಕ್ಕೆ ಕಾಯಂ ನರ್ಸ್ ಕೊಡಿಸಿ, ಇಂದಿಗೂ ಅಲ್ಲಿ ಗುರುವಾರ ಮಾತ್ರ ಬೀಗ ತೆಗೆಯುತ್ತಾರೆ. ನಿಮ್ಮ ವರದಿಯ ಆ ಸಾಲನ್ನು ಹೊಡೆದುಹಾಕಿ ಹೀಗೆ ಬರೆಯಿರಿ: ಅವಳು ಬಾಣಂತಿಯಾಗಿರಲಿಲ್ಲ, ಕೂಸು ಅವಳದಾಗಿರಲಿಲ್ಲ, ಉತ್ತರವೂ ಅವಳದಾಗಿರಲಿಲ್ಲ. ಅವಳ ಹೆಸರು ಬಸವಣ್ಣೆವ್ವ.

ಪ್ರಶ್ನಾವಳಿಯನ್ನು ಖಾಲಿಯಾಗಿಯೇ ಮರಳಿಸುತ್ತಿದ್ದೇನೆ. ತವರಿನವನಾಗಿ ಅವಳ ಬಳಿ ನಿಲ್ಲಬೇಕಾದ ದಿನ ನಾನು ನಿಮ್ಮ ಬಳಿ ನಿಂತಿದ್ದೆ.

ಇಂತಿ,
ಅಂದು ಕತ್ತು ಅಲ್ಲಾಡಿಸಿದ ಅಣ್ಣ
ಗುರುಪುತ್ರಪ್ಪ, ನಿವೃತ್ತ ಶಿಕ್ಷಕ
ಅನಗೋಳ, ಬೆಳಗಾವಿ
ಜನವರಿ ೧೯೮೪