ಹಿಂದಿನ ಸೀಟಿನಲ್ಲಿ ಕೂರುವವಳ ತೂಕ

ವಿದ್ಯುತ್ ಸ್ಕೂಟರು ಎಷ್ಟು ದೂರ ಓಡುತ್ತದೆಂದು ಮೊಹರು ಒತ್ತಿ ಹೇಳುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಒಂದು ಸಲ ಚಾರ್ಜ್ ಮಾಡಿದರೆ ನೂರಹತ್ತು ಕಿಲೋಮೀಟರ್ ಎಂದು ನೀವು ದೃಢೀಕರಿಸಿದ ಸ್ಕೂಟರು ಅರವತ್ತು ದಾಟುವುದಿಲ್ಲ. ಇಷ್ಟೇ ಆಗಿದ್ದರೆ ಶೋರೂಮಿನವರನ್ನು ಬೈದು ಸುಮ್ಮನಾಗುತ್ತಿದ್ದೆ. ಆದರೆ ನಿಮ್ಮ ಸಂಖ್ಯೆಯನ್ನು ನಂಬಿ ನನ್ನ ತಾಯಿ ರಾತ್ರಿಯ ಊಟ ಬಿಟ್ಟಳು. ಅದಕ್ಕೇ ಈ ಪತ್ರ, ಊರಿನವರೆಲ್ಲರ ಮುಂದೆ.

ನಾನು ಲಷ್ಕರ್ ಮೊಹಲ್ಲಾದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. ಅವ್ವ ಚಿಕ್ಕಮಾದಮ್ಮ ಇಲವಾಲದ ಆಚೆ ಒಂದು ಖಾಸಗಿ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಬೆಳಗ್ಗೆ ಬಸ್ಸು ಶುರುವಾಗುವ ಮುಂಚೆ ಅವಳು ಅಲ್ಲಿರಬೇಕು. ಕೆಸರೆಯಿಂದ ಅವಳನ್ನು ಬಿಟ್ಟು, ಅಂಗಡಿಗೆ ಹೋಗಿ, ಸಂಜೆ ಮತ್ತೆ ಕರೆತಂದರೂ ದಿನಕ್ಕೆ ಎಪ್ಪತ್ತು ಕಿಲೋಮೀಟರ್ ಮೀರದು. ನಿಮ್ಮ ಮೊಹರಿನ ಪ್ರಕಾರ ನಾವು ಮನೆ ಮುಟ್ಟಿ ಸಂಜೆಯ ಸುತ್ತಾಟಕ್ಕೂ ಹೊರಡಬಹುದಿತ್ತು. ನಾವು ಮಾತ್ರ ದಿನಾ ಸಂಜೆ ರಿಂಗ್ ರೋಡಿನಲ್ಲಿ ಗಾಡಿ ತಳ್ಳುತ್ತಿದ್ದೆವು. ಮುಂದೆ ನಾನು, ಹಿಂದೆ ಸೆರಗು ಸಿಕ್ಕಿಸಿಕೊಂಡ ಅವ್ವ. ಹಗಲು ಅಂಗಡಿಯಲ್ಲಿ ಚಾರ್ಜ್ ಮಾಡಲು ಯಜಮಾನರು ಬಿಡುವುದಿಲ್ಲ.

ಸರ್ವಿಸ್ ಸೆಂಟರಿಗೆ ಹೋದೆವು. ಅಲ್ಲಿನ ರಾಜೇಶ್ ಎಂಬ ಮಹಾಶಯ ಅವ್ವನನ್ನು ಮೇಲಿಂದ ಕೆಳಗೆ ನೋಡಿ, “ಟೆಸ್ಟಿಂಗಲ್ಲಿ ಒಬ್ರೇ ಕಣ್ರೀ ಓಡ್ಸೋದು. ಹಿಂದೆ ಇಷ್ಟೊಂದ್ ಲೋಡ್ ಹಾಕ್ಬುಟ್ರೆ ಮೈಲೇಜ್ ಎಲ್ಲಿಂದ ಬರುತ್ತೆ?” ಎಂದ. ಅವ್ವ ಸೆರಗು ಹೊದ್ದುಕೊಂಡಳು.

ನಿಮಗೆ ಬರೆದೆ. ‘ನಿಗದಿತ ಪರಿಸ್ಥಿತಿಯಲ್ಲಿ ಫಲಿತಾಂಶ ಸಮರ್ಪಕವಾಗಿದೆ’ ಎಂದು ಉತ್ತರ ದಯಪಾಲಿಸಿದಿರಿ. ಯಾವ ಪರಿಸ್ಥಿತಿ, ಸ್ವಾಮಿ? ಗುಂಡಿ ಇಲ್ಲದ, ಹಂಪ್ ಇಲ್ಲದ, ಎದುರುಗಾಳಿ ಇಲ್ಲದ ಆ ರಸ್ತೆ ಮೈಸೂರಿನಲ್ಲಿ ಎಲ್ಲಿದೆ, ತೋರಿಸಿದರೆ ನಾವೂ ಅಲ್ಲಿಗೇ ಮನೆ ಬದಲಾಯಿಸುತ್ತೇವೆ. ಈ ಊರಿನಲ್ಲಿ ಸ್ಕೂಟರಿನ ಹಿಂದಿನ ಸೀಟು ಖಾಲಿ ಹೋಗುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ? ಅವ್ವ ಇರುತ್ತಾಳೆ, ಹೆಂಡತಿ ಇರುತ್ತಾಳೆ, ಅಕ್ಕಿ ಮೂಟೆ ಇರುತ್ತದೆ. ಯಾರೂ ಕೂರಬಾರದೆಂದಿದ್ದರೆ ಆ ಸೀಟನ್ನು ಹೊಲಿದದ್ದು ಯಾತಕ್ಕೆ?

ಹೋದ ತಿಂಗಳು ಅವ್ವ ಹಾಸ್ಟೆಲಿನ ಒಲೆಯ ಪಕ್ಕ ತಲೆ ಸುತ್ತಿ ಬಿದ್ದಳು. ಕುದಿಯುವ ಸಾರು ಮೊಣಕೈವರೆಗೆ ಚೆಲ್ಲಿತು. ಓಡಿಹೋದ ನನಗೆ ಜೊತೆಯಲ್ಲಿ ಅಡುಗೆ ಮಾಡುವ ಪುಟ್ಟತಾಯಮ್ಮ ಹೇಳಿದರು: “ರಾತ್ರಿ ಊಟನೇ ಬುಟ್ಬುಟ್ಟವ್ಳೆ ಕಣವ್ವ. ತೂಕ ಇಳುದ್ರೆ ಮಗಳ ಗಾಡಿ ಮನೆ ಮುಟ್ಟುತ್ತೆ ಅಂತಾಳೆ.” ಮನೆಯಲ್ಲಿ ನನಗೆ, “ಅಲ್ಲೇ ಉಂಡ್ಬುಟ್ಟೆ ಕಣಮ್ಮ” ಎನ್ನುತ್ತಿದ್ದಳು. ಹಾಸ್ಟೆಲಿನ ಅಷ್ಟೂ ಹುಡುಗಿಯರಿಗೆ ಬಡಿಸಿ, ನಿಮ್ಮ ಸಂಖ್ಯೆಗೆ ಸರಿಹೊಂದಲು ತಾನು ಹಸಿದು ಬರುತ್ತಿದ್ದಳು. ಕೈ ಮಾಯುವ ಮುಂಚೆಯೇ ಹಾಸ್ಟೆಲಿನವರು ಅವಳ ಜಾಗಕ್ಕೆ ಬೇರೆಯವರನ್ನು ತಂದುಕೊಂಡರು.

ಗಾಡಿ ಮಾರಿಬಿಡು ಎನ್ನುವವರಿದ್ದಾರೆ. ಮಾರುವುದಿಲ್ಲ. ಅದರ ಹಿಂದೆ ಫಲಕ ಕಟ್ಟಿದ್ದೇನೆ: ‘ಮೊಹರಿನಲ್ಲಿ ನೂರಹತ್ತು, ರಸ್ತೆಯಲ್ಲಿ ಐವತ್ತೆಂಟು.’ ಉದಯಗಿರಿಯ ಮೆಕ್ಯಾನಿಕ್ಕುಗಳು ನನ್ನನ್ನು ನಿಲ್ಲಿಸಿ ಗಿರಾಕಿಗಳಿಗೆ ಓದಿಸುತ್ತಾರೆ, ನಿಮ್ಮ ಹುದ್ದೆಯ ಹೆಸರೆತ್ತಿ ನಗುತ್ತಾರೆ. ಅದನ್ನು ಕೇಳಿದ ದಿನ ನನಗೆ ಸೊಗಸಾಗಿ ನಿದ್ದೆ ಬರುತ್ತದೆ, ಮುಚ್ಚಿಡುವುದೇಕೆ? ಗ್ರಾಹಕರ ಆಯೋಗಕ್ಕೆ ಕಂಪನಿಯ ಜೊತೆ ನಿಮ್ಮ ಕಚೇರಿಯನ್ನೂ ಎಳೆದಿದ್ದೇನೆ. ನೀವು ವರ್ಗವಾಗಿ ಹೋದರೆ ಆ ಊರಿಗೂ ಈ ಪತ್ರ ಬರುತ್ತದೆ.

ಪರಿಹಾರದ ವಿಷಯ ಆಯೋಗ ನೋಡಿಕೊಳ್ಳಲಿ. ನಿಮ್ಮಿಂದ ನನಗೆ ಬೇಕಾದದ್ದು ಬೇರೆ. ಮೈಸೂರಿಗೆ ಬನ್ನಿ. ಇಲವಾಲದಿಂದ ನನ್ನ ಹಿಂದಿನ ಸೀಟಿನಲ್ಲಿ ಕೂತು ಬನ್ನಿ, ಗಾಡಿ ನಿಂತಲ್ಲಿ ಇಳಿದು ತಳ್ಳಿ. ಬೆವರು ಒರೆಸಿಕೊಳ್ಳದೆ ಹಾಗೇ ನಮ್ಮ ಮನೆಯೊಳಗೆ ಬಂದು, ತಪ್ಪಿದ್ದು ನಿಮ್ಮ ಲೆಕ್ಕ ಎಂದು ಅವ್ವನಿಗೆ ಹೇಳಿ. ನಾನು ಹೇಳಿದರೆ ನಂಬುತ್ತಿಲ್ಲ. “ಅಷ್ಟ್ ಓದ್ದೋರು ಸುಳ್ ಬರೀತಾರಾ? ಸುಮ್ಕಿರು” ಎಂದು ಇವತ್ತಿಗೂ ಅರ್ಧ ಮುದ್ದೆಗೇ ತಟ್ಟೆ ಬಿಟ್ಟು ಏಳುತ್ತಾಳೆ. ಅವಳು ಉಳಿದರ್ಧ ಉಣ್ಣುವವರೆಗೂ ನಾನು ನಿಮ್ಮನ್ನು ಅಲ್ಲಿಂದ ಏಳಲು ಬಿಡುವುದಿಲ್ಲ.

ಇಂತಿ,
ನಿಮ್ಮ ಗಾಡಿ ತಳ್ಳಿ ತಳ್ಳಿ ರಟ್ಟೆ ಗಟ್ಟಿಯಾದ
ಸಂಘಮಿತ್ರ
ಕೆಸರೆ, ಮೈಸೂರು